ರಥಪುಷ್ಪ: ಚಿಟ್ಟೆಗೆ ಹೌದು, ಜೇನಿಗೆ ಅಷ್ಟಕ್ಕಷ್ಟೆ

ತೀರ್ಥಹಳ್ಳಿ ಕಡೆಯ ಒಂದು ನರ್ಸರಿಯಿಂದ ರಥಪುಷ್ಪದ ಗಿಡ ತಂದಿದ್ದೆ. ಕಪ್ಪು ಚೀಲದ ಸಸಿಗೆ 80 ರೂಪಾಯಿ. ಗಿಡಕ್ಕೆ ಏನೂ ಕೊಂಕಿಲ್ಲ. ಎಲೆ ಅಂಗೈಗಿಂತ ಅಗಲ, ಬುಡದಲ್ಲಿ ಆಗಲೇ ಒಂದು ಮರಿ ಒಡೆದಿತ್ತು. ನನ್ನ ತಕರಾರು ಮಾರಿದವರ ಮಾತಿನ ಮೇಲೆ. "ತಗೊಂಡ್ಹೋಗಿ ಅಕ್ಕ, ಜೇನು ಮುತ್ಕೊಳ್ಳುತ್ತೆ" ಅಂದಿದ್ದರು. ಹಿತ್ತಿಲಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ, ಮಳೆಗಾಲದಲ್ಲಿ ಅವಕ್ಕೆ ಮೇವಿಗೆ ತತ್ವಾರ ಅಂತಲೇ ನಾನು ತಂದದ್ದು.

ಹೂವೇನೋ ಭರ್ಜರಿಯಾಗೇ ಬಂತು. ಆಷಾಢದ ಜಡಿಮಳೆಗೆ ದಾಸವಾಳದ ಮೊಗ್ಗೆಲ್ಲ ಕೊಳೆತು ಉದುರುವಾಗ ಇದು ಸುಮ್ಮನೆ ಎಲೆ ಬಿಡುತ್ತಾ ಕೂತಿತ್ತು. ಶ್ರಾವಣ ಕಳೆದ ಮೇಲೆ ತುದಿಯಲ್ಲಿ ಅಡಿಗೂ ಮಿಕ್ಕಿದ ಕೆಂಪು ಗೊಂಚಲು ಎದ್ದಿತು. ಕೆಳಗೆ ಅಗಲ, ಮೇಲೆ ಹೋದಂತೆ ಚೂಪು, ಥೇಟ್ ತೇರು. ದೀಪಾವಳಿ ದಾಟಿದರೂ ಇತ್ತು.

ಆದರೆ ಒಂದು ಹೂವು ಕಿತ್ತು ನೋಡಿ. ಸಪೂರ ಕೊಳವೆ, ಮಕರಂದ ಇರುವುದು ಅದರ ತಳದಲ್ಲಿ. ತುಡುವೆಯ ನಾಲಿಗೆ ಅಲ್ಲಿಗೆಲ್ಲಿ ಎಟುಕಬೇಕು! ಒಂದೆರಡು ಬಂದು ಪರಾಗ ಕೆದಕಿ ಹೋದವು, ಅಷ್ಟೇ. ಇದು ಉದ್ದ ಸೊಂಡಿಲಿನ ಚಿಟ್ಟೆಗಳ ಹೂವು. ಕೇಸರಗಳು, ಅಂದರೆ ಪರಾಗ ಹೊತ್ತ ಗಂಡು ಎಳೆಗಳು, ಕೊಳವೆಯಿಂದ ಎಷ್ಟೋ ಮುಂದಕ್ಕೆ ಚಾಚಿರುತ್ತವೆ, ಚಿಟ್ಟೆ ರೆಕ್ಕೆ ಬಡಿಯುತ್ತಾ ಹೀರುವಾಗ ಪರಾಗ ರೆಕ್ಕೆಗೇ ಮೆತ್ತಿಕೊಳ್ಳುತ್ತದೆ. ಹೊಸ ಹೂವಲ್ಲಿ ಕೇಸರ ನೆಟ್ಟಗೆ ನಿಂತು ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಎಳೆ, ಬಾಗಿರುತ್ತದೆ. ಹೂವು ಹಳತಾದಂತೆ ಕೇಸರ ಸುರುಳಿಯಾಗಿ ಕೆಳಗಿಳಿದು ಶಲಾಕೆ ಮೇಲೇಳುತ್ತದೆ. ತನ್ನ ಪರಾಗ ತನಗೇ ತಾಗದಿರಲಿ ಅಂತ ಈ ಏರ್ಪಾಡು.

ಬಿಸಿಲೇರಿದ ಮೇಲೆ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರುತ್ತದೆ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂ.ಮೀ., ಕಪ್ಪು-ಹಳದಿ. ಜಗಲಿಯಲ್ಲಿ ಕೂತವರಿಗೂ ಕಾಣುತ್ತೆ. ಅದು ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಜಾತಿಯ ಗಿಡಗಳ ಮೇಲೆ. ನಿಮ್ಮ ಬೇಲಿಗೆ ಆ ಬಳ್ಳಿ ಹಬ್ಬಿದ್ದರೆ ಕಳೆ ಅಂತ ಕಿತ್ತು ಬಿಸಾಡಬೇಡಿ ಮಾರಾಯ್ರೆ.

ಆರೈಕೆ ಅಂಥದ್ದೇನಿಲ್ಲ. ತೋಟದಂಚಿನ ಅರೆನೆರಳು, ಬುಡಕ್ಕೆ ಸಗಣಿಗೊಬ್ಬರ, ಮೇಲೆ ಒಂದಷ್ಟು ದರಗು (ಒಣ ಎಲೆ). ನೀರು ನಿಲ್ಲಬಾರದು. ಬೇರಿನಿಂದ ಮರಿ ಒಡೆದು ಹಬ್ಬುತ್ತೆ ಅನ್ನೋದನ್ನ ಮಾತ್ರ ನರ್ಸರಿಯವರು ಬಾಯಿ ಬಿಡಲಿಲ್ಲ. ಅರಿಶಿನದ ಮಡಿಗೆ ನುಗ್ಗಿದೆ ಅಂತ ನಮ್ಮತ್ತೆ ದಿನಾ ಗೊಣಗುತ್ತಾರೆ.

ಹಾಗಾಗಿ ದುಡ್ಡು ಕೊಡುವ ಮೊದಲು ಊರಲ್ಲಿ ಯಾರ ಹಿತ್ತಿಲಲ್ಲಿದೆ ವಿಚಾರಿಸಿ, ಮರಿ ಕೇಳಿದರೆ ಇಲ್ಲ ಅನ್ನುವವರಿಲ್ಲ. ಗಿಡಕ್ಕೆ ಐದಕ್ಕೆ ನಾಲ್ಕೂವರೆ, ನರ್ಸರಿಗೆ ಮೂರು. ತುಡುವೆಗೆ ತುಳಸಿ ಸಾಲು ಹಾಕಿದ್ದೇನೆ.