ಬೇಸಿಗೆಯಲ್ಲಿ ಮಾಡಿಸಿದ ಸರ್ವೆ ನಂಬಿ ಜಾಗ ಕೊಂಡೆ, ನೀವು ಹಾಗೆ ಮಾಡಬೇಡಿ

ಜಾಗ ತಗೊಂಡು ನಾಲ್ಕಾರು ಮನೆ ಕಟ್ಟಿ ಮಾರೋಣ ಅಂತ ಹೊರಟವರು ಇದನ್ನೊಮ್ಮೆ ಓದಿ. ನಾನೂ ನಮ್ಮ ಭಾವನೂ ಸೇರಿ ಹಾಗೇ ಹೊರಟಿದ್ದೆವು. ಕಾಗದಪತ್ರ ಎಲ್ಲ ವಕೀಲರಿಗೆ ತೋರಿಸಿದ್ದೆವು. ಹಿಂದಿನ ಮಾಲೀಕರು, ಸಾಲ, ತಕರಾರು, ಗಡಿ, ದಾರಿ ಒಂದನ್ನೂ ಬಿಟ್ಟಿರಲಿಲ್ಲ. ಸರಿಯಾಗಿ ನೋಡದೆ ಬಿಟ್ಟಿದ್ದು ನೆಲವನ್ನು ಮಾತ್ರ.

ಜಾಗದಲ್ಲಿ ನೀರು, ಗಿಡ, ಪ್ರಾಣಿ ಏನೇನಿದೆ ಅಂತ ನೋಡುವ ಪರಿಸರ ಸರ್ವೆ ಬೇಕಾಗುತ್ತೆ ಅಂತ ಗೊತ್ತಿತ್ತು. ಅನುಮತಿಗೆ ಅರ್ಜಿ ಹಾಕುವಾಗ ಕೇಳುತ್ತಾರೆ, ಯಾರ ಹತ್ತಿರವಾದರೂ ಒಂದು ರಿಪೋರ್ಟ್ ಬರೆಸಿದರಾಯಿತು ಅಂದುಕೊಂಡಿದ್ದೆ. ಮೂವರನ್ನು ವಿಚಾರಿಸಿದೆ. ಇಬ್ಬರು, "ಈಗೊಂದು ಸಲ ಬರ್ತೀವಿ, ಮಳೆ ಬಿದ್ದ ಮೇಲೆ ಇನ್ನೊಂದು ಸಲ ಬರಲೇಬೇಕು" ಅಂದರು. ಮೂರನೆಯವರು, "ಒಂದೇ ದಿನ ಸಾಕು ಸಾರ್, ವಾರದಲ್ಲಿ ರಿಪೋರ್ಟ್ ಕೈಗೆ" ಅಂದರು. ಯಾರನ್ನು ಕರೆಸಿದೆ ಅಂತ ಬೇರೆ ಹೇಳಬೇಕಾ?

ಕಡು ಬೇಸಿಗೆ. ಬೆಳಿಗ್ಗೆ ಹತ್ತಕ್ಕೆ ಬಂದವರು ಹನ್ನೆರಡಕ್ಕೆ ಹೊರಟರು. ಜಾಗದ ಮೂಲೆಯಲ್ಲೊಂದು ತಗ್ಗಿತ್ತು. ಒಣಗಿ ಬಿರುಕು ಬಿಟ್ಟ ಮಣ್ಣು, ಅಂಚಿನಲ್ಲಿ ಒಣಗಿ ನಿಂತ ಜೊಂಡು. ನೀರು ನಿಲ್ಲದ ಕಡೆ ಜೊಂಡು ಯಾಕೆ ಬೆಳೆದೀತು ಅಂತ ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆದಿತ್ತೇನೋ, ಹೇಳಲಿಲ್ಲ. "ಜಲಮೂಲ ಇಲ್ಲ, ಗಮನಿಸಬೇಕಾದ ಜೀವಿಗಳು ಕಂಡುಬಂದಿಲ್ಲ" ಅಂತ ರಿಪೋರ್ಟ್ ಬಂತು. ಹಳೇ ಶೆಡ್ಡಿನೊಳಗೆ ಅವರು ಕಾಲೇ ಇಟ್ಟಿರಲಿಲ್ಲ. ಬೀಗ ಹಾಕಿದ್ದರಿಂದ ಒಳಗೆ ನೋಡಲಾಗಲಿಲ್ಲ ಅಂತ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಬೀಗದ ಕೈ ಅವತ್ತು ನನ್ನ ಜೇಬಿನಲ್ಲೇ ಇತ್ತು.

ಆ ಕೊನೆಯ ಪುಟವನ್ನು ನಾನು ಓದಿದ್ದು ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಪೂರ್ತಿ ಹಣ ಕೊಟ್ಟು ಜಾಗ ನಮ್ಮ ಹೆಸರಿಗೆ ಮಾಡಿಸಿಕೊಂಡಿದ್ದೆವು. ಸಾಲದ ಬಡ್ಡಿಯೂ ಶುರುವಾಗಿತ್ತು.

ಎರಡನೇ ಮಳೆಗೇ ತಗ್ಗು ತುಂಬಿತು. ಒಂದು ರಾತ್ರಿ ಅಲ್ಲಿಂದ ಭಾವನಿಗೆ ಫೋನ್ ಮಾಡಿದರೆ ಕಪ್ಪೆಗಳ ಗದ್ದಲದಲ್ಲಿ ನನ್ನ ಮಾತೇ ಅವರಿಗೆ ಕೇಳಿಸಲಿಲ್ಲ. ಕೆಲವೇ ದಿನಕ್ಕೆ ನೀರಿನ ಅಂಚಿಗೆಲ್ಲ ಗೊದಮೊಟ್ಟೆ. ಜಾಗ ನೋಡೋಕೆ ಅಧಿಕಾರಿಗಳು ಬಂದಿದ್ದು ಸರಿಯಾಗಿ ಆ ವಾರ. ರಿಪೋರ್ಟ್ ಒಮ್ಮೆ ನೋಡಿದರು, ನೀರು ಒಮ್ಮೆ ನೋಡಿದರು, ಹೊಸದಾಗಿ ಸರ್ವೆ ಮಾಡಿಸಿ ಅಂತ ಅರ್ಜಿ ವಾಪಸ್ ಕೊಟ್ಟರು.

ಈ ಸಲ ಬಂದ ಮೇಡಂ ಕೆಲಸ ಗೊತ್ತಿದ್ದವರು. "ಬೇಸಿಗೆಯಲ್ಲಿ ಒಣಗುತ್ತೆ ಅಂತ ಈ ಹೊಂಡವನ್ನು ಲೆಕ್ಕಕ್ಕೇ ತಗೊಂಡಿಲ್ಲ ಅಲ್ವಾ? ಒಣಗುತ್ತೆ ಅಂತಲೇ ಕಪ್ಪೆ ಇಲ್ಲಿ ಮೊಟ್ಟೆ ಇಡೋದು" ಅಂದರು. ಪ್ರತಿ ವರ್ಷ ಬತ್ತುವ ಹೊಂಡದಲ್ಲಿ ಮೀನು ಉಳಿಯಲ್ಲ. ಗೊದಮೊಟ್ಟೆ ತಿನ್ನುವ ಮೀನಿಲ್ಲ ಅಂದರೆ ಮರಿಗಳು ಬದುಕುತ್ತವೆ. ನಾನು ಯಾವುದನ್ನು ಪಾಳು ತಗ್ಗು ಅಂದುಕೊಂಡಿದ್ದೆನೋ ಅದು ಸುತ್ತಲಿನ ಕಪ್ಪೆಗಳಿಗೆಲ್ಲ ಬಾಣಂತಿ ಕೋಣೆಯಾಗಿತ್ತು.

ಆಮೇಲೆ ಶೆಡ್ಡಿನ ಬೀಗ ತೆಗೆಸಿದರು. ಗೋಡೆ ಬುಡದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಹಿಕ್ಕೆ ಬಿದ್ದಿತ್ತು. ಇಲಿ ಕಾಟ ಅಂದೆ. ಅವರು ಕೈಗವಸು ಹಾಕಿಕೊಂಡು ಒಂದನ್ನು ಬೆರಳ ನಡುವೆ ಉಜ್ಜಿದರು. ನುಣ್ಣಗೆ ಪುಡಿಯಾಯಿತು. ಟಾರ್ಚ್ ಹಿಡಿದರೆ ಪುಡಿಯಲ್ಲಿ ಹುಳಗಳ ರೆಕ್ಕೆಯ ಚೂರು ಮಿಣಮಿಣ ಅನ್ನುತ್ತಿತ್ತು. "ಇಲಿಯದ್ದಾದರೆ ಗಟ್ಟಿ ಇರುತ್ತೆ, ಹೀಗೆ ಪುಡಿಯಾಗಲ್ಲ. ಇದು ಹುಳ ತಿನ್ನುವ ಬಾವಲಿ" ಅಂದರು. ಮೇಲೆ ನೋಡಿದರೆ ತೊಲೆಯ ಸಂದಿಯಲ್ಲಿ ಸಾಲಾಗಿ ನೇತಾಡುತ್ತಿದ್ದವು.

ಬಾವಲಿ ಇದೆ ಅಂತ ಗೊತ್ತಾದರೆ ಸಾಲದು. ಎಷ್ಟಿವೆ, ಮರಿ ಹಾಕಿವೆಯಾ ಅಂತ ನೋಡೋಕೆ ಅವು ಹೊರಗೆ ಹಾರುವ ಸಂಜೆ ಹೊತ್ತು ನಿಂತು ಎಣಿಸಬೇಕು, ಅದೂ ಒಂದೇ ಸಂಜೆ ಅಲ್ಲ. ಬ್ರಿಟನ್ನಿನಲ್ಲಿ ಈ ಎಣಿಕೆ ಮಾಡುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಆ ಕಾಲ ತಪ್ಪಿಸಿಕೊಂಡ ಬಿಲ್ಡರ್ ಮುಂದಿನ ಮೇವರೆಗೆ ಸುಮ್ನೆ ಕೂರಬೇಕು. ಬಾವಲಿ ಇಲ್ಲದ ದಿನಗಳಲ್ಲೂ ಅದು ತಂಗುವ ಜಾಗವನ್ನು ಪರವಾನಗಿ ಇಲ್ಲದೆ ಕೆಡವುವಂತಿಲ್ಲ, ಅಲ್ಲಿ ಅದು ಅಪರಾಧ.

ಇನ್ನೊಂದು ಪೆಟ್ಟು ಬಿದ್ದಿದ್ದು ನೆಲದೊಳಗಿನ ನೀರಿನಿಂದ. ಬೇಸಿಗೆಯಲ್ಲಿ ಮೂರು ಮೀಟರ್ ಗುಂಡಿ ತೋಡಿಸಿದಾಗ ಹನಿ ನೀರು ಕಂಡಿರಲಿಲ್ಲ. ಅದನ್ನೇ ನಂಬಿ ಕೆಳಗಡೆ ಪಾರ್ಕಿಂಗ್ ಅಂತ ಪ್ಲ್ಯಾನ್ ಹಾಕಿಸಿದ್ದೆವು. ಮಳೆಗಾಲದಲ್ಲಿ ಅದೇ ಗುಂಡಿಯಲ್ಲಿ ನೆಲಮಟ್ಟದಿಂದ ಮೊಣಕಾಲಿನಷ್ಟು ಕೆಳಗೇ ನೀರು ನಿಂತಿತ್ತು. ಪ್ಲ್ಯಾನ್ ಹರಿದು ಹಾಕಿದೆವು.

ಭಾವನಿಗೆ ತಾಳ್ಮೆ ಕೆಟ್ಟಿತು. "ರಾತ್ರೋರಾತ್ರಿ ಹೊಂಡಕ್ಕೆ ಮಣ್ಣು ಸುರಿದುಬಿಡೋಣ, ಯಾರಿಗೆ ಗೊತ್ತಾಗುತ್ತೆ?" ಅಂದರು. ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಹೌದಲ್ಲ ಅನಿಸಿತ್ತು. ಮೇಡಂ ಏನೂ ಮಾತಾಡದೆ ಲ್ಯಾಪ್‌ಟಾಪ್ ತಿರುಗಿಸಿ ನಮ್ಮದೇ ಜಾಗದ ಹಳೇ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಒಂದೊಂದರ ಮೇಲೂ ತಾರೀಕು. ಮಳೆಗಾಲದ ಚಿತ್ರದಲ್ಲೆಲ್ಲ ಮೂಲೆಯಲ್ಲೊಂದು ಕಪ್ಪು ಚುಕ್ಕೆ. ಜಾಗ ಕೊಳ್ಳುವ ಮೊದಲು ನಾನೇ ಕೂತು ನೋಡಬಹುದಿತ್ತು, ಪುಕ್ಕಟೆ ಸಿಗುವ ಚಿತ್ರಗಳು ಅವು.

ಕೊಳ್ಳುವ ಜಾಗದಲ್ಲಿ ಮೊದಲು ಏನಿತ್ತು ಅಂತಲೂ ವಿಚಾರಿಸಿ. ನಮ್ಮ ಶೆಡ್ಡಿನಲ್ಲಿ ಹಿಂದೆ ಗಾಡಿ ರಿಪೇರಿ ನಡೆಯುತ್ತಿತ್ತಂತೆ, ನೆಲದಲ್ಲಿ ಇಳಿದಿದ್ದ ಹಳೇ ಆಯಿಲ್ ಇರುವ ಮಣ್ಣನ್ನು ಬೇರೆ ತೆಗೆಸಬೇಕಾಯಿತು. ನಮ್ಮದು ಸಣ್ಣದು ಬಿಡಿ. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ಸುಮಾರು 21,000 ಟನ್ ರಾಸಾಯನಿಕ ಕಸ ಹೂತಿದ್ದ ಜಾಗವನ್ನು 1953ರಲ್ಲಿ ಒಂದು ಡಾಲರ್‌ಗೆ ಶಾಲೆಯವರಿಗೆ ಕೊಟ್ಟರು. ಕೆಳಗೆ ಏನಿದೆ ಅಂತ ಕ್ರಯಪತ್ರದಲ್ಲೇ ಬರೆದಿತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆ ಎದ್ದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಅಲ್ಲಿನವರನ್ನು ಎಬ್ಬಿಸಬೇಕಾಯಿತು.

ನೀವು ಅಡ್ವಾನ್ಸ್ ಕೊಡುವ ಮೊದಲೇ ಸರ್ವೆ ಮಾಡಿಸಿ. ಮಾಲೀಕರು ಅಷ್ಟು ದಿನ ಕಾಯಲ್ಲ ಅಂದರೆ, ಸರ್ವೆಯಲ್ಲಿ ತೊಡಕು ಕಂಡರೆ ಹಣ ವಾಪಸ್ ಅಂತ ಕರಾರಿನಲ್ಲೇ ಬರೆಸಿ. ಸರ್ವೆಯವರನ್ನು ಎಷ್ಟು ಸಲ ಬರ್ತೀರಿ, ಯಾವ ತಿಂಗಳು, ರಾತ್ರಿಯೂ ಬರ್ತೀರಾ ಅಂತ ಕೇಳಿ. ರಿಪೋರ್ಟ್ ಬಂದರೆ ಮೊದಲು ಕೊನೆಯ ಪುಟ ಓದಿ, ಏನೇನು ನೋಡಿಲ್ಲ ಅನ್ನೋದು ಅಲ್ಲೇ ಇರುತ್ತೆ. ತೀರಾ ಬೇಗ ಮಾಡಿಸಿ ಬೀರುವಿನಲ್ಲೂ ಇಡಬೇಡಿ. ರಿಪೋರ್ಟ್ ಹಳೆಯದಾದರೆ ಮತ್ತೆ ಮಾಡಿಸಿ ಅನ್ನುತ್ತಾರೆ.

ನಮ್ಮದು ಆರು ಮನೆಯ ಯೋಜನೆ ನಾಲ್ಕಕ್ಕೆ ಇಳಿದಿದೆ. ಹೊಂಡ ಅಲ್ಲೇ ಇರುತ್ತೆ, ಮನೆಗಳೇ ಆಚೆ ಸರಿದಿವೆ. ಮೊನ್ನೆ ಸಂಜೆ ಮೇಡಂ ಜೊತೆ ನಾವಿಬ್ಬರೂ ಶೆಡ್ಡಿನ ಮುಂದೆ ನಿಂತಿದ್ದೆವು. ಭಾವ 41 ಅಂದರು, ನನ್ನ ಲೆಕ್ಕಕ್ಕೆ 38 ಸಿಕ್ಕಿತು. ಇನ್ನೂ ಎರಡು ಸಂಜೆ ಎಣಿಸೋದಿದೆ.