ದುಡ್ಡು ಕೊಟ್ಟು ನಿಧಾನವಾದೆ: ಡೈರೆಕ್ಟ್ ಡ್ರೈವ್ ಟ್ರೇನರ್ ಜೊತೆ ಇಪ್ಪತ್ತು ತಿಂಗಳು

ಸೈಕಲ್ಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯಲು ಇರುವ ಯಂತ್ರ, ಈ ಟ್ರೇನರ್, ಬಂದ ಮೊದಲ ವಾರ ಅದರ ರಟ್ಟಿನ ಡಬ್ಬವನ್ನು ನಾನು ಬಿಸಾಡಿರಲಿಲ್ಲ. ವಾಪಸ್ ಕಳಿಸುವ ಯೋಚನೆ ಅಷ್ಟು ಗಟ್ಟಿಯಾಗಿತ್ತು. 68 ಸಾವಿರ ರೂಪಾಯಿ, ಒಂದು ವರ್ಷದ ಬೋನಸ್ಸಿನ ಮುಕ್ಕಾಲು ಭಾಗ, ಸುರಿದ ಮೇಲೆ ಪರದೆಯ ಮೇಲಿನ ನನ್ನ ಸೈಕಲ್ಲು ಮೊದಲಿಗಿಂತ ನಿಧಾನವಾಗಿ ಹೋಗುತ್ತಿತ್ತು.

ಫ್ಲೈವೀಲ್ (ಒಳಗೆ ಸುತ್ತುವ ಭಾರದ ಚಕ್ರ) ತೂಕ, ಎಷ್ಟು ಶೇಕಡಾ ಏರಿನ ಅನುಭವ ಕೊಡುತ್ತೆ ಅನ್ನೋದೆಲ್ಲ ನೀವು ಅಂಗಡಿ ಪುಟದಲ್ಲೇ ಓದಿರ್ತೀರಿ. ಬ್ರ್ಯಾಂಡ್ ಹೆಸರು ಹೇಳಲ್ಲ, ಈ ದರದವೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ. ಹಿಂದಿನ ಚಕ್ರ ಬಿಚ್ಚಿ, ಚೈನನ್ನು ನೇರವಾಗಿ ಟ್ರೇನರಿನ ಕ್ಯಾಸೆಟ್ಟಿಗೆ, ಅಂದರೆ ಹಲ್ಲುಚಕ್ರಗಳ ಗೊಂಚಲಿಗೆ, ಹಾಕುವ ಬಗೆ. ಡೈರೆಕ್ಟ್ ಡ್ರೈವ್ ಅನ್ನೋದು ಅದಕ್ಕೇ. ಅದಕ್ಕೆ ಮೊದಲು ನನ್ನ ಹತ್ತಿರ ಇದ್ದದ್ದು ಗೆಳೆಯನಿಂದ ಕೊಂಡ ಹಳೇ ವೀಲ್-ಆನ್ ಟ್ರೇನರ್. ಟೈರು ರೋಲರಿಗೆ ಒತ್ತಿ ತಿರುಗುತ್ತಿತ್ತು. ಆ ಸದ್ದಿಗೆ ಅಮ್ಮ ಅದನ್ನು ಗಿರಣಿ ಅಂತಲೇ ಕರೆಯುತ್ತಿದ್ದರು. ಬೆಳಗ್ಗೆ ಬೆವರಿಳಿಸಿಕೊಂಡು ಹೊರಗೆ ಬಂದರೆ "ಇವತ್ತು ಎಷ್ಟು ಸೇರು ರಾಗಿ ಬೀಸಿದೆ?" ಅಂತ ಕೇಳೋರು.

ಟ್ರೇನರ್ ಮೇಲೆ ತುಳಿಯುತ್ತಾ ಪರದೆಯಲ್ಲಿ ಬೇರೆಯವರ ಜೊತೆ ರೇಸ್ ಮಾಡುವ ಆನ್‌ಲೈನ್ ಆಟ ಜ್ವಿಫ್ಟ್. ಆ ಗಿರಣಿಯ ಮೇಲೆ ನಾನು ಅದರಲ್ಲಿ ಸಿ ವರ್ಗದ ರೇಸರ್. ಒಂದು ಗಂಟೆ ಎಳೆಯಬಲ್ಲ ಶಕ್ತಿ 205 ವ್ಯಾಟ್, ತೂಕ 74 ಕಿಲೋ, ಅಂದರೆ ಕಿಲೋಗೆ 2.77. ಹೊಸ ಟ್ರೇನರ್ ಮೇಲೆ ಅದೇ ಕಾಲು, ಅದೇ ಏದುಸಿರು, ಅದೇ ಹೃದಯ ಬಡಿತ, ಬಂದದ್ದು 184. ಕಿಲೋಗೆ 2.5ರ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ, ಅಂದರೆ ಒಂದು ಮೆಟ್ಟಿಲು ಕೆಳಗಿನ ಡಿ ವರ್ಗ. ಆ ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ, ಒಳ್ಳೇದೇ ಮಾಡಿದರು.

ವಿಚಿತ್ರ ಏನೆಂದರೆ, ಸಮತಟ್ಟು ರಸ್ತೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲೇ ಇಲ್ಲ. ಮೊದಲು ಗಂಟೆಗೆ 35 ಕಿ.ಮೀ. ಬರುತ್ತಿದ್ದ ಕಡೆ ಈಗ 34. ಬೆಟ್ಟ ಹತ್ತುವಾಗ ಮಾತ್ರ ಮಾನ ಹೋಯಿತು. ಫ್ರಾನ್ಸಿನ ಆಲ್ಪ್ ಡುಯೆಜ್‌ನ ಪಡಿಯಚ್ಚಾದ ಆಲ್ಪ್ ಡು ಜ್ವಿಫ್ಟ್, 21 ತಿರುವು, 12.2 ಕಿ.ಮೀ., 1,036 ಮೀಟರ್ ಏರಿಕೆ, ಹಳೇ ಗಿರಣಿಯಲ್ಲಿ 72 ನಿಮಿಷ ತಗೊಂಡಿತ್ತು. ಹೊಸದರಲ್ಲಿ 80.

ಸಿಟ್ಟಿನಲ್ಲೇ ಕೂತು ಓದಿದೆ. ಅಲ್ಲಿಯವರೆಗೆ ನಾನು ಅಂದುಕೊಂಡಿದ್ದು ಪರದೆಯ ವೇಗ ಅಂದರೆ ನನ್ನ ಚಕ್ರದ ವೇಗ ಅಂತ. ಅಲ್ಲವೇ ಅಲ್ಲ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನೋದು ಆಟಕ್ಕೆ ಬೇಕಾಗೇ ಇಲ್ಲ. ಟ್ರೇನರ್ ಕಳಿಸುವ ವ್ಯಾಟ್ ತಗೊಳ್ಳುತ್ತೆ, ನಾವು ತುಂಬಿದ ತೂಕ ಮತ್ತು ಎತ್ತರ ನೋಡುತ್ತೆ, ರಸ್ತೆಯ ಏರು, ನೆಲದ ಒರಟು, ಮುಂದೆ ಯಾರಾದರೂ ಗಾಳಿ ತಡೆಯುತ್ತಿದ್ದಾರಾ ಅನ್ನೋದನ್ನೆಲ್ಲ ಸೇರಿಸಿ ವೇಗ ಇಷ್ಟು ಅಂತ ಲೆಕ್ಕ ಹಾಕುತ್ತೆ. ಸದ್ದು ಕಡಿಮೆ ಅಂತ ನಾನು ಯಾವಾಗಲೂ ಪೆಡಲ್ ಬದಿಯ ಸಣ್ಣ ಹಲ್ಲುಚಕ್ರದಲ್ಲೇ ತುಳಿಯೋದು. ಕೆಳಗೆ ಫ್ಲೈವೀಲ್ ಆಮೆಯ ಹಾಗೆ ಸುತ್ತುತ್ತಿರುತ್ತೆ, ಪರದೆಯಲ್ಲಿ ಗುಂಪಿನ ನಡುವೆ 38ರಲ್ಲಿ ಹೋಗುತ್ತಿರುತ್ತೇನೆ. ಇನ್ನೊಬ್ಬರ ಬೆನ್ನ ಹಿಂದೆ ಸೇರಿಕೊಂಡಾಗ ಪೆಡಲ್ ಹಗುರಾಗೋದೂ ಇಲ್ಲ. ಅದೇ ವ್ಯಾಟ್‌ಗೆ ವೇಗ ಏರುತ್ತೆ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿರುವ ಟ್ರೇನರ್ ಡಿಫಿಕಲ್ಟಿಯೂ ಹೀಗೇ. ಮೊದಲಿಗೆ ಅರ್ಧದಲ್ಲಿರುತ್ತೆ, 10 ಶೇಕಡಾ ಏರು ಕಾಲಿಗೆ 5ರ ಹಾಗೆ ಬರುತ್ತೆ. ಅದನ್ನು ಸೊನ್ನೆಗೆ ಇಳಿಸಿದರೂ ಬೆಟ್ಟ ಹತ್ತಲು ಬೇಕಾದ ವ್ಯಾಟ್ ಒಂದು ಚೂರೂ ಕಡಿಮೆಯಾಗಲ್ಲ, ಗೇರ್ ಬದಲಿಸೋದು ಕಡಿಮೆಯಾಗುತ್ತೆ.

ಸಮತಟ್ಟಿನಲ್ಲಿ ಶಕ್ತಿ ಬಹುಪಾಲು ಗಾಳಿಯನ್ನು ಸೀಳಲಿಕ್ಕೇ ಹೋಗುತ್ತೆ, ವೇಗ ಎರಡರಷ್ಟಾದರೆ ಅದಕ್ಕೆ ಬೇಕಾದ ಶಕ್ತಿ ಎಂಟರಷ್ಟು. ಹಾಗಾಗಿ ಹತ್ತು ಶೇಕಡಾ ವ್ಯಾಟ್ ಕಳೆದರೂ ವೇಗ ಮೂರ್ನಾಲ್ಕು ಶೇಕಡಾ ಮಾತ್ರ ಇಳಿಯುತ್ತೆ. ಏರಿನಲ್ಲಿ ಹೊರಬೇಕಾದ್ದು ನಮ್ಮ ಭಾರ. ಅಲ್ಲಿ ಹತ್ತು ಅಂದರೆ ಹತ್ತು. ನನ್ನ 8 ನಿಮಿಷ ಹೋದದ್ದು ಹೀಗೆ.

ಆದರೂ ಸುಳ್ಳು ಹೇಳುತ್ತಿರೋದು ಹೊಸದೇ ಅಂತ ನನ್ನ ಹಟ. ತುಳಿತದ ವ್ಯಾಟ್ ಅಳೆಯುವ ಪವರ್ ಮೀಟರ್ ಇರುವ ಪೆಡಲನ್ನು ಗೆಳೆಯನಿಂದ ಒಂದು ಭಾನುವಾರಕ್ಕೆ ಕಡ ತಂದೆ. ಎರಡೂ ಟ್ರೇನರ್‌ಗಳ ಮೇಲೆ ಅದೇ ಪೆಡಲ್ ಹಾಕಿ ತುಳಿದೆ. ಹೊಸದು ಮತ್ತು ಪೆಡಲ್ ನಡುವೆ 3 ವ್ಯಾಟ್ ವ್ಯತ್ಯಾಸ. ಹಳೇ ಗಿರಣಿ 20 ಜಾಸ್ತಿ ತೋರಿಸುತ್ತಿತ್ತು.

ತಪ್ಪು ನನ್ನದೇ. ವೀಲ್-ಆನ್ ಟ್ರೇನರಿಗೆ ಸ್ಪಿನ್‌ಡೌನ್ ಮಾಡಬೇಕು: ಹತ್ತು ನಿಮಿಷ ತುಳಿದು ಟೈರು ಬಿಸಿಯಾದ ಮೇಲೆ, ವೇಗಕ್ಕೆ ತಂದು ಕಾಲು ನಿಲ್ಲಿಸಿದರೆ, ಚಕ್ರ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ಟೈರಿನ ಎಳೆತವನ್ನು ಅದು ಅಳೆದುಕೊಳ್ಳುತ್ತೆ. ನಾನು ಒಂದೇ ಸಲ ಮಾಡಿದ್ದು, ಅದೂ ತಣ್ಣನೆಯ, ಗಾಳಿ ಕಡಿಮೆಯಿದ್ದ ಟೈರಿನಲ್ಲಿ. ಎಳೆತ ಜಾಸ್ತಿ ಅಂತ ಪಾಪ ಅದು ನಂಬಿತು. ಆಮೇಲೆ ನಾನು ಗಟ್ಟಿಯಾಗಿ ಗಾಳಿ ಹೊಡೆಸಿದೆ. ಇಲ್ಲದ ಎಳೆತವನ್ನು ಗೆಲ್ಲುತ್ತಿದ್ದೇನೆ ಅಂತ ಎರಡು ವರ್ಷ ನನ್ನ ಲೆಕ್ಕಕ್ಕೆ ವ್ಯಾಟ್ ಜಮೆ ಮಾಡುತ್ತಲೇ ಬಂತು. ನನ್ನಿಂದ ಸೋತ ಅಪರಿಚಿತರೇ, ಕ್ಷಮಿಸಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2020ರಲ್ಲಿ ನಡೆಸಿದ ಮೊದಲ ಸೈಕ್ಲಿಂಗ್ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್‌ಗೆ ಸ್ಪರ್ಧಿಗಳೆಲ್ಲರಿಗೂ ಒಂದೇ ಮಾದರಿಯ ಟ್ರೇನರ್ ಕೊಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಪುರುಷರಲ್ಲಿ ಗೆದ್ದವನು ಜೇಸನ್ ಓಸ್‌ಬೋರ್ನ್, ಮೂಲತಃ ಜರ್ಮನಿಯ ರೋಯಿಂಗ್ ಪಟು, ದೋಣಿಗೆ ಹುಟ್ಟು ಹಾಕುವವನು!

ಡಬ್ಬ ಅಟ್ಟ ಸೇರಿತು. ಈಗ ಬೆಳಗ್ಗೆ 5:10ಕ್ಕೆ ಎದ್ದು, ಹ್ಯಾಂಡಲ್ ಮೇಲೆ ಹಳೇ ಪಂಚೆಯ ತುಂಡು ಹಾಸಿ, ಟೇಬಲ್ ಫ್ಯಾನನ್ನು ಎದೆಗೆ ಸರಿಯಾಗಿ ತಿರುಗಿಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು ಕೂತರೆ, ಫ್ಯಾನಿನ ಸದ್ದು ಬಿಟ್ಟು ಬೇರೆ ಕೇಳಲ್ಲ. ಕೆಳಗಿನ ಮನೆಯವರು ಮತ್ತೆ ನಗಲು ಶುರುಮಾಡಿದ್ದಾರೆ. ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಡಿಕಾಕ್ಷನ್ ವಾಸನೆ ಬರುತ್ತೆ. ಕೊನೆಯ ಎರಡು ನಿಮಿಷ ಓಡಿಸೋದು ಅದೇ.

ಕರೆಂಟ್ ಹೋದಾಗ ಮಾತ್ರ ಬೈಯುತ್ತೇನೆ. ಭಾರ ಒಮ್ಮೆಗೇ ಮಾಯವಾಗಿ ಕಾಲು ಗಾಳಿಯಲ್ಲಿ ತಿರುಗುತ್ತೆ, ವ್ಯಾಟ್ ಸೊನ್ನೆಯಾಗಿ ಗುಂಪು ಕಣ್ಣೆದುರೇ ದಾಟಿ ಹೋಗುತ್ತೆ. ಟ್ರೇನರ್ ಮತ್ತು ವೈಫೈ ಎರಡನ್ನೂ ಯುಪಿಎಸ್ ಮೇಲೆ ಹಾಕಿದ್ದೇನೆ. ಆ ಖರ್ಚನ್ನೂ ನಿಮ್ಮ ಬಜೆಟ್ಟಿಗೆ ಸೇರಿಸಿಕೊಳ್ಳಿ. ತಿಂಗಳಿಗೆ ಸುಮಾರು 20 ಡಾಲರ್ ಜ್ವಿಫ್ಟ್‌ಗೆ ಕೊಡೋದು ಹೊಟ್ಟೆ ಉರಿಸಿದರೆ ಅಂಥದ್ದೇ ಇನ್ನೊಂದು ಆಟ ಮೈವೂಶ್ ಪುಕ್ಕಟೆ ಇದೆ, ಮಳೆಗಾಲದಲ್ಲಿ ಮಾತ್ರ ನಾನು ಜ್ವಿಫ್ಟ್‌ಗೆ ದುಡ್ಡು ಕಟ್ಟೋದು.

ಡಿಸೆಂಬರಿನಲ್ಲಿ ಆ ಪೆಡಲನ್ನು ಮತ್ತೊಮ್ಮೆ ಕಡ ತಂದು ನಂದಿ ಬೆಟ್ಟ ಹತ್ತಿದೆ. ಪ್ರತಿ ಸಲ ನಡುವೆ ಕಾಲೂರುತ್ತಿದ್ದವನು 180ರ ಆಸುಪಾಸಿನಲ್ಲೇ ಹಿಡಿದು ಮೇಲಿನ ಗೇಟಿನವರೆಗೆ ನಿಲ್ಲದೆ ಹೋದೆ. ವಾಪಸ್ ಬರುವಾಗ ದೇವನಹಳ್ಳಿ ರಸ್ತೆಯಲ್ಲಿ ಎದುರುಗಾಳಿಗೆ, ಅದೇ ವ್ಯಾಟ್‌ಗೆ, 24ಕ್ಕಿಂತ ಮೇಲೆ ಏರಲಿಲ್ಲ. ಜ್ವಿಫ್ಟ್‌ನಲ್ಲಿ ಎದುರುಗಾಳಿ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವ ನಾಯಿಯೂ ಇಲ್ಲ.

ಹಳೇ ಗಿರಣಿಯನ್ನು ಕಳೆದ ತಿಂಗಳು ಮಾರಿದೆ. ಕೊಳ್ಳಲು ಬಂದ ಹುಡುಗ ಸ್ಪಿನ್‌ಡೌನ್ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ಫೋನಿನಲ್ಲಿ ಬರೆದೂಕೊಂಡ, ಆಮೇಲೆ ಒಂದೇ ಪ್ರಶ್ನೆ: "ಸ್ಪೀಡ್ ಚೆನ್ನಾಗಿ ಬರುತ್ತಾ ಸಾರ್?"