ಎಲಿಸ್ಪಾಟ್ ಮಾಡ್ಲಾ, ಐಸಿಎಸ್ ಮಾಡ್ಲಾ, ಟೆಟ್ರಾಮರ್ ತರಿಸ್ಲಾ?

ಒಂದ್ ನಿರ್ದಿಷ್ಟ ರೋಗಾಣುವನ್ನ ಗುರುತಿಸೋ ಟಿ ಸೆಲ್ (ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ಹುಡುಕೋ ಮೂರು ಲ್ಯಾಬ್ ವಿಧಾನ ಇವು. ಯಾವ್ದು ಬೆಸ್ಟ್ ಅಂತ ಕೇಳೋಕ್ ಮುಂಚೆ ಆ ಟಿ ಸೆಲ್ ಇಂದ ನಿಮ್ಗೆ ಏನ್ ಬೇಕು ಅಂತ ತೀರ್ಮಾನ ಮಾಡ್ಕೊಳಿ. ಬರೀ ಎಷ್ಟಿದೆ ಅಂತ ಎಣಿಸೋದಾದ್ರೆ ಎಲಿಸ್ಪಾಟ್ ಸಾಕು, ಪ್ಲೇಟಲ್ಲಿ ಆಂಟಿಬಾಡಿ ಹಾಕಿರ್ತೀರ, ಸೆಲ್ ಬಿಟ್ಟ ಇಂಟರ್‌ಫೆರಾನ್ ಗಾಮಾ (ಇದೊಂದು ಸೈಟೊಕೈನ್, ಅಂದ್ರೆ ಸೆಲ್ಲುಗಳು ಸಂದೇಶಕ್ಕೆ ಬಿಡೋ ಪ್ರೋಟೀನ್) ಅಲ್ಲೇ ಅಂಟ್ಕೊಂಡು ಚುಕ್ಕೆ ಬೀಳುತ್ತೆ, ಒಂದ್ ಚುಕ್ಕೆ ಅಂದ್ರೆ ಒಂದ್ ಸೆಲ್. ತುಂಬಾ ಅಪರೂಪದ ಸೆಲ್ಲೂ ಸಿಗುತ್ತೆ, ಟಿಬಿಗೆ ಇರೋ ಟಿ-ಸ್ಪಾಟ್ ಟೆಸ್ಟ್ ಇದೇ ತಂತ್ರ. ಆದ್ರೆ ಚುಕ್ಕೆ ಸಿಡಿ4 (ಸಹಾಯಕ ಟಿ ಸೆಲ್) ದಾ, ಸಿಡಿ8 (ಕೊಲ್ಲೋ ಟಿ ಸೆಲ್) ದಾ ಗೊತ್ತಾಗಲ್ಲ, ಮೊದ್ಲೇ ಬೇರೆ ಮಾಡಿಟ್ಟಿರಬೇಕು.

ಅದು ಗೊತ್ತಾಗ್ಬೇಕಂದ್ರೆ ಐಸಿಎಸ್, ಅಂದ್ರೆ ಸೆಲ್ ಒಳಗಿರೋ ಸೈಟೊಕೈನ್‌ಗೆ ಸ್ಟೇನ್ ಹಾಕೋದು. ಪೆಪ್ಟೈಡ್ (ರೋಗಾಣುವಿನ ಪ್ರೋಟೀನ್ ತುಣುಕು) ಜೊತೆ ಸುಮಾರು 6 ಗಂಟೆ ಇಟ್ಟು, ಸೈಟೊಕೈನ್ ಹೊರಗೆ ಹೋಗ್ದಂಗೆ ಬ್ರೆಫೆಲ್ಡಿನ್ ಎ ಹಾಕಿ, ಫಿಕ್ಸ್ ಮಾಡಿ, ತೂತು ಮಾಡಿ ಸ್ಟೇನ್ ಮಾಡೋದು. ಇಂಟರ್‌ಫೆರಾನ್ ಗಾಮಾ, ಟಿಎನ್‌ಎಫ್, ಐಎಲ್-2 ಅನ್ನೋ ಸೈಟೊಕೈನ್ ಎಲ್ಲಾ ಒಂದೇ ಸೆಲ್ಲಲ್ಲಿ ಕಾಣುತ್ತೆ, ಆದ್ರೆ ಸೆಲ್ ಸತ್ತೋಗಿರುತ್ತೆ ಅಷ್ಟೇ.

ಟೆಟ್ರಾಮರ್ ನಂಗೆ ಇಷ್ಟ. 1996ರಲ್ಲಿ ಬಂದಿದ್ದು, ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೋಟೀನ್‌ಗೆ 4 ಪೆಪ್ಟೈಡ್-ಎಂಎಚ್‌ಸಿ (ಎಂಎಚ್‌ಸಿ ಅಂದ್ರೆ ಟಿ ಸೆಲ್‌ಗೆ ಪೆಪ್ಟೈಡ್ ತೋರ್ಸೋ ಪ್ರೋಟೀನ್) ಅಂಟಿಸಿರ್ತಾರೆ, ಸೆಲ್‌ನ ಕೆಣಕೋದೇ ಬೇಡ, ನೇರವಾಗಿ ರಿಸೆಪ್ಟರ್‌ಗೇ ಹಿಡ್ಕೊಳ್ಳುತ್ತೆ, ಜೀವಂತವಾಗಿ ಸಾರ್ಟ್ ಮಾಡಿ ಸೀಕ್ವೆನ್ಸಿಂಗ್‌ಗೂ ಕಳಿಸ್ಬೋದು. ಕಷ್ಟ ಏನಪ್ಪಾ ಅಂದ್ರೆ ಪೆಪ್ಟೈಡೂ ಗೊತ್ತಿರ್ಬೇಕು, ಡೋನರ್ ಎಚ್‌ಎಲ್‌ಎ (ಮನುಷ್ಯರ ಎಂಎಚ್‌ಸಿ) ಟೈಪೂ ಗೊತ್ತಿರ್ಬೇಕು, ಸಿಡಿ4 ಸೆಲ್‌ಗೆ ಬೇಕಾದ ಕ್ಲಾಸ್ 2 ಎಂಎಚ್‌ಸಿ ಅಂತೂ ತಲೆನೋವು. ಮತ್ತೆ ಅಂಟ್ಕೊಂಡಿದ್ದೆಲ್ಲಾ ಕೆಲ್ಸ ಮಾಡುತ್ತೆ ಅಂತಲ್ಲ.

ಎಚ್‌ಎಲ್‌ಎ ಗೊತ್ತಿಲ್ದೆ ಜೀವಂತ ಸೆಲ್ ಬೇಕಾ? ಎಐಎಂ ನೋಡಿ, ಅಂದ್ರೆ ಆಕ್ಟಿವೇಟ್ ಆದ ಸೆಲ್ ಮೇಲೆ ಬರೋ ಗುರುತು ಪ್ರೋಟೀನ್ ಹುಡುಕೋದು, ಪೆಪ್ಟೈಡ್ ಹಾಕಿ ಒಂದಿನ ಸ್ಟಿಮ್ಯುಲೇಟ್ ಮಾಡಿ ಸಿಡಿ4ಗೆ ಓಎಕ್ಸ್40, ಸಿಡಿ137, ಸಿಡಿ8ಗೆ ಸಿಡಿ69, ಸಿಡಿ137 ನೋಡೋದು. ಕೋವಿಡ್ ಟೈಮಲ್ಲಿ ಜನ ಇದನ್ನ ಚೆನ್ನಾಗ್ ಬಳಸಿದ್ರು. ಪಕ್ಕದ ಸೆಲ್ಲುಗಳೂ ಸುಮ್ನೆ ಆಕ್ಟಿವೇಟ್ ಆಗ್ಬೋದು, ಅದಕ್ಕೆ ಪೆಪ್ಟೈಡ್ ಇಲ್ದೆ ಬರೀ ಡಿಎಂಎಸ್‌ಓ (ಪೆಪ್ಟೈಡ್ ಕರಗಿಸೋ ದ್ರಾವಕ) ಹಾಕಿದ ಕಂಟ್ರೋಲ್ ವೆಲ್ ಬಿಡ್ಲೇಬೇಡಿ.